ಜನರಲ್ ಕೆ. ಎಸ್. ತಿಮ್ಮಯ್ಯ: ಪರೀಕ್ಷಾ ಟಿಪ್ಪಣಿ

ಪೂರ್ಣ ಹೆಸರು: ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ

ಜನನ: 31 ಮಾರ್ಚ್ 1906, ಮಡಿಕೇರಿ

ತರಬೇತಿ: ಡೆಹ್ರಾಡೂನ್ ಸೈನಿಕ ಕಾಲೇಜು, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್, 1926ರಲ್ಲಿ ಸೇನಾಧಿಕಾರಿ

ಸೇವೆಯ ಮುಖ್ಯ ಘಟ್ಟಗಳು
- ಎರಡನೇ ಮಹಾಯುದ್ಧ: ಬರ್ಮಾದ ಅರಕಾನ್ ರಣರಂಗದಲ್ಲಿ ಪದಾತಿ ಬ್ರಿಗೇಡಿನ ನಾಯಕತ್ವ; ಡಿಎಸ್‌ಒ ಪದಕ.
- ನವೆಂಬರ್ 1948: 19ನೇ ಡಿವಿಷನ್ ಮುಖ್ಯಸ್ಥರಾಗಿ ಜೊಜಿಲಾ ಕಣಿವೆಗೆ ಸ್ಟುವರ್ಟ್ ಟ್ಯಾಂಕುಗಳನ್ನು ಏರಿಸಿದರು. ಇದರಿಂದ ಲೇಹ್ ದಾರಿ ತೆರೆಯಿತು.
- 1953–54: ಕೊರಿಯಾ ಯುದ್ಧಕೈದಿಗಳ ವಾಪಸಾತಿಗಾಗಿ ರಚನೆಯಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷ. ಸದಸ್ಯರು: ಭಾರತ, ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾ.
- 1954: ಪದ್ಮಭೂಷಣ.
- ಮೇ 1957–ಮೇ 1961: ಭೂಸೇನಾ ಮುಖ್ಯಸ್ಥ. 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಜತೆಗಿನ ಭಿನ್ನಮತದಿಂದ ರಾಜೀನಾಮೆ ನೀಡಿ, ನೆಹರೂ ಮಾತಿಗೆ ಹಿಂಪಡೆದರು.
- 1964: ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಕಮಾಂಡರ್.

ನಿಧನ: 18 ಡಿಸೆಂಬರ್ 1965, ಸೈಪ್ರಸ್ (ಕರ್ತವ್ಯದಲ್ಲಿದ್ದಾಗ). 1966ರಲ್ಲಿ ಸೈಪ್ರಸ್ ಅವರ ಅಂಚೆಚೀಟಿ ಹೊರತಂದಿತು.

ಸ್ಮಾರಕ: ಮಡಿಕೇರಿಯಲ್ಲಿನ ಅವರ ‘ಸನ್ನಿ ಸೈಡ್’ ಮನೆ ಈಗ ವಸ್ತುಸಂಗ್ರಹಾಲಯ, 2021ರಲ್ಲಿ ಉದ್ಘಾಟನೆ.

ಗೊಂದಲ ಬೇಡ: ಫೀಲ್ಡ್ ಮಾರ್ಷಲ್ ಪದವಿ ಪಡೆದ ಕೊಡಗಿನವರು ಕೆ. ಎಂ. ಕಾರ್ಯಪ್ಪ (1986), ತಿಮ್ಮಯ್ಯ ಅಲ್ಲ. ಸೇನಾ ದಿನ ಜನವರಿ 15 ಕೂಡ ಕಾರ್ಯಪ್ಪನವರಿಗೆ ಸಂಬಂಧಿಸಿದ್ದು.