ಕೂಸಿಗೆ ಥಂಡಿ ಆದಾಗ: ಸಂಜೆ ನಾಲ್ಕರ ಲೆಕ್ಕ

"ಕೂಸ್ಗೆ ಥಂಡಿ ಆಗೈತೆ, ಎದೆ ಗೊರಗೊರ ಅಂತೈತೆ." ಆಷಾಢದ ಜಡಿಮಳೆ ಹಿಡಿದಲ್ಲಿಂದ ಸಂಕ್ರಾಂತಿಯ ಚಳಿ ಬಿಡುವವರೆಗೆ ಹಾಸನ ಸೀಮೆಯ ಯಾವ ಊರಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಅದರ ಬೆನ್ನಿಗೇ ಇನ್ನೊಂದು ಮಾತು: "ನೀನು ತಲೆಗೆ ನೀರು ಹಾಕ್ಕೊಂಡೆ, ಅದ್ಕೇ ಕೂಸಿಗೆ ಬಂತು." ನಿದ್ದೆ ಕೆಟ್ಟು ಸೊರಗಿದ ಬಾಣಂತಿಯ ಮೇಲೆ ತಪ್ಪಿನ ಹೊರೆಯನ್ನೂ ಹೊರಿಸುತ್ತೇವೆ. ಅದು ನಿಜವಲ್ಲ. ಕೂಸಿಗೆ ನೆಗಡಿ ಬರುವುದು ವೈರಸ್‌ನಿಂದ. ನಾಮಕರಣಕ್ಕೆ ಬಂದವರ ಮುತ್ತಿನಿಂದ, ಸೀನಿದ ಕೈ ತೊಳೆಯದೆ ತೊಟ್ಟಿಲು ತೂಗಿದವರಿಂದ, ಅಂಗನವಾಡಿಯಿಂದ ಸುರಿಯುವ ಮೂಗಿನೊಂದಿಗೆ ಬಂದ ಅಣ್ಣನಿಂದ. ತಾಯಿಯ ತಲೆಸ್ನಾನದಿಂದಲ್ಲ, ಅವಳು ತಿಂದ ಸೌತೆಕಾಯಿಯಿಂದಲೂ ಅಲ್ಲ.

2025ರ ಜನವರಿ 6ರಂದು ಬೆಂಗಳೂರಿನ ಎರಡು ಕೂಸುಗಳಲ್ಲಿ, ಒಂದಕ್ಕೆ 3 ತಿಂಗಳು, ಇನ್ನೊಂದಕ್ಕೆ 8 ತಿಂಗಳು, ಎಚ್‌ಎಂಪಿವಿ ಪತ್ತೆಯಾಯಿತು ಎಂಬ ಸುದ್ದಿ ಬಂದಾಗ ನಮ್ಮ ಹಳ್ಳಿಗಳವರೆಗೂ ಗಾಬರಿ ಹಬ್ಬಿತ್ತು. ಆ ವೈರಸ್ ಹೊಸದಲ್ಲ, 2001ರಲ್ಲೇ ಗುರುತಾಗಿತ್ತು. ಸುದ್ದಿ ಬರುವ ಹೊತ್ತಿಗೆ ಆ ಕೂಸುಗಳಲ್ಲಿ ಒಂದು ಮನೆ ಸೇರಿತ್ತು, ಇನ್ನೊಂದು ಚೇತರಿಸಿಕೊಳ್ಳುತ್ತಿತ್ತು. ವೈರಸ್‌ಗೆ ಎಚ್‌ಎಂಪಿವಿ, ಆರ್‌ಎಸ್‌ವಿ ಎಂದು ಯಾವ ಹೆಸರಿದ್ದರೂ ಮನೆಯಲ್ಲಿ ಮಾಡಬೇಕಾದ ಕೆಲಸ ಹೆಚ್ಚುಕಡಿಮೆ ಒಂದೇ: ಹಾಲು ನಿಲ್ಲಿಸದಿರುವುದು, ಮೂಗು ಬಿಡಿಸುವುದು, ಉಸಿರು ಎಣಿಸುವುದು, ಹೊರಡಬೇಕಾದಾಗ ಹೊರಡುವುದು.

ಮೊದಲು ವಯಸ್ಸು ನೋಡಿ

ಕೂಸಿಗೆ ಎರಡು ತಿಂಗಳು ತುಂಬಿಲ್ಲವೇ? ಕಂಕುಳಲ್ಲಿಟ್ಟ ಥರ್ಮಾಮೀಟರ್ 99.5 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ ಮನೆಮದ್ದೂ ಬೇಡ, ಸಿರಪ್ಪೂ ಬೇಡ, ಆಸ್ಪತ್ರೆಗೆ ಹೊರಡಿ. ಮೂರು ತಿಂಗಳೊಳಗೆ 100.4 ಮುಟ್ಟಿದರೂ ಹಾಗೆಯೇ. ಅಷ್ಟು ಎಳೆಯ ಕೂಸಿನಲ್ಲಿ ಸಾದಾ ವೈರಸ್ ಜ್ವರವನ್ನೂ ರಕ್ತದ ಸೋಂಕನ್ನೂ ಕಣ್ಣಿನಿಂದ ನೋಡಿ ಬೇರೆ ಮಾಡಲು ಆಗುವುದಿಲ್ಲ. ಮೈ ತಣ್ಣಗಾಗಿ 95.9ಕ್ಕಿಂತ ಕೆಳಗಿಳಿಯುವುದು ಜ್ವರದಷ್ಟೇ ಅಪಾಯ. ತಿಂಗಳು ತುಂಬುವ ಮೊದಲೇ ಹುಟ್ಟಿದ, ಹೃದಯದ ತೊಂದರೆಯಿರುವ ಕೂಸುಗಳನ್ನು ಬರೀ ನೆಗಡಿಯಾದರೂ ಬೇಗ ತೋರಿಸಿ.

ಮುಂದೆ ಹೇಳುವ ಮನೆಯ ಆರೈಕೆ ಇದಕ್ಕಿಂತ ದೊಡ್ಡ ಕೂಸುಗಳದ್ದು. ನೆಗಡಿ, ಕೆಮ್ಮು, ಸಣ್ಣ ಜ್ವರವಿದ್ದರೂ ಹಾಲು ಕುಡಿಯುತ್ತ, ಕಣ್ಣು ಬಿಟ್ಟು ನೋಡುತ್ತ ಇರುವ ಕೂಸುಗಳದ್ದು.

ಉಸಿರು ಎಣಿಸುವುದು

ಇದನ್ನು ಪ್ರತಿ ಮನೆಯಲ್ಲೂ ಒಬ್ಬರಾದರೂ ಕಲಿಯಲೇಬೇಕು. ಕೂಸು ಹಾಲು ಕುಡಿದು ಸುಮ್ಮನಾದಾಗ ಅಥವಾ ನಿದ್ದೆ ಹೋದಾಗ ತೊಡೆಯ ಮೇಲೆ ಮಲಗಿಸಿಕೊಳ್ಳಿ. ಸ್ವೆಟರ್ ಬಿಚ್ಚಿ, ಅಂಗಿಯನ್ನು ಎದೆಯವರೆಗೆ ಸರಿಸಿ. ಎದೆ ಮುಗಿದು ಹೊಟ್ಟೆ ಶುರುವಾಗುವ ಜಾಗದ ಮೇಲೆ ಕಣ್ಣಿಡಿ. ಅಲ್ಲಿ ಚರ್ಮ ಮೇಲೆದ್ದು ಇಳಿದರೆ ಒಂದು ಉಸಿರು. ಮೊಬೈಲ್‌ನಲ್ಲಿ ಒಂದು ನಿಮಿಷ ಇಟ್ಟುಕೊಂಡು ಪೂರ್ತಿ ಅರವತ್ತು ಸೆಕೆಂಡು ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡಿ. ಎಳೆ ಕೂಸಿನ ಉಸಿರು ಒಮ್ಮೆ ಓಡುತ್ತದೆ, ಒಮ್ಮೆ ನಿಧಾನವಾಗುತ್ತದೆ. ಅಳುವಾಗ ಎಣಿಸಿದ ಲೆಕ್ಕ ಲೆಕ್ಕವಲ್ಲ.

ಎರಡು ತಿಂಗಳೊಳಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಆಮೇಲೆ ಐದು ವರ್ಷದವರೆಗೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರಾಟ. ಇನ್ನೊಮ್ಮೆ ಎಣಿಸಿ, ಆಗಲೂ ಅಷ್ಟೇ ಬಂದರೆ ಅಂದೇ ತೋರಿಸಬೇಕು.

ಎಣಿಸುವಾಗಲೇ ಪಕ್ಕೆಯನ್ನೂ ನೋಡಿ. ಉಸಿರು ಎಳೆದುಕೊಂಡಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ ಅದು ಪಕ್ಕೆ ಸೆಳೆತ. ಗುಳಿ ಕಂಡ ಮೇಲೆ ಎಣಿಕೆ ಎಷ್ಟೇ ಬರಲಿ, ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಗೊರಗೊರ ಸದ್ದು ಮಾತ್ರ ಇದ್ದು, ಪಕ್ಕೆ ಸೆಳೆಯದೆ, ಹಾಲು ಸರಾಗವಾಗಿ ಇಳಿಯುತ್ತಿದ್ದರೆ ಆ ಸದ್ದು ಬಹಳ ಸಲ ಮೂಗಿನ ಹಿಂಭಾಗದ ಕಫದ್ದು.

ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುನ್ನ ಎಣಿಸಿದ್ದನ್ನು ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲೇ ಬರೆದಿಡಿ. ಉಸಿರಿನ ವೈರಸ್‌ಗಳಲ್ಲಿ ಸಾಮಾನ್ಯವಾಗಿ ಮೂರರಿಂದ ಐದನೇ ದಿನ ಹೆಚ್ಚು ಕಷ್ಟದ್ದು. ಮೊದಲ ದಿನ ಚೆನ್ನಾಗಿತ್ತೆಂದು ನಾಲ್ಕನೇ ದಿನ ಮೈಮರೆಯಬಾರದು.

ಹಾಲು, ಮೂಗು, ಒದ್ದೆ ಬಟ್ಟೆ

ಮೂಗು ಕಟ್ಟಿದ ಕೂಸು ಮೊಲೆ ಹಿಡಿಯುತ್ತದೆ, ಎರಡು ಗುಟುಕು ಎಳೆಯುತ್ತದೆ, ಬಿಟ್ಟು ಅಳುತ್ತದೆ. "ಹಾಲು ಸಾಲ್ದು, ಡಬ್ಬಿ ಹಾಲು ತರ್ಸು" ಎಂದು ಮನೆಯಲ್ಲಿ ಯಾರಾದರೂ ಹೇಳುತ್ತಾರೆ. ಹಾಲು ಸಾಲದ್ದಲ್ಲ, ಎಳೆ ಕೂಸು ಬಾಯಿಂದ ಉಸಿರಾಡಲು ಇನ್ನೂ ಸರಿಯಾಗಿ ಅರಿಯದು. ಔಷಧಿ ಅಂಗಡಿಯಲ್ಲಿ ಮೂಗಿಗೆ ಹಾಕುವ ಸಲೈನ್ ಡ್ರಾಪ್ಸ್ ಸಿಗುತ್ತದೆ, ಅದು ಉಪ್ಪುನೀರು ಅಷ್ಟೆ. ಮೂಗು ಬಿಡಿಸುವ ಬೇರೆ ಔಷಧದ ಹನಿ ಕೊಟ್ಟರೆ ತರಬೇಡಿ. ಹಾಲು ಕೊಡುವ ಐದು ನಿಮಿಷ ಮುಂಚೆ ಒಂದೊಂದು ಹೊಳ್ಳೆಗೆ ಎರಡು ಹನಿ ಬಿಟ್ಟು, ಹೊರಬಂದದ್ದನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಹೊಟ್ಟೆ ತುಂಬ ಒಮ್ಮೆಗೆ ಕುಡಿಸುವ ಹಟ ಬೇಡ. ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ.

ಆಗಲೂ ಎಳೆಯದಿದ್ದರೆ ಹಾಲು ಹಿಂಡಿ ಒಳಲೆಯಲ್ಲಿ ಕೊಡಿ. ಅಜ್ಜಿಯ ಪೆಟ್ಟಿಗೆಯಲ್ಲಿರುವ ಬೆಳ್ಳಿ ಒಳಲೆ ಆಗುತ್ತದೆ, ಸ್ಟೀಲಿನದೂ ಆಗುತ್ತದೆ. ಹತ್ತು ನಿಮಿಷ ನೀರಲ್ಲಿ ಕುದಿಸಿರಬೇಕು. ಕೂಸಿನ ತಲೆ ಎತ್ತಿ ಹಿಡಿದು, ತುಟಿಯ ಅಂಚಿಗೆ ತಾಗಿಸಿ, ಅದು ನುಂಗಿದಂತೆ ಬಿಡಬೇಕು. ಮಲಗಿಸಿ, ಮೂಗು ಹಿಡಿದು ಹುಯ್ಯುವುದು ಶ್ವಾಸಕೋಶಕ್ಕೇ ಹುಯ್ದಂತೆ. ತಾಯಿಗೇ ನೆಗಡಿ ಜ್ವರವಿದ್ದರೂ ಹಾಲು ನಿಲ್ಲಿಸಬಾರದು: ಕೈ ತೊಳೆದು, ಮಾಸ್ಕ್ ಅಥವಾ ಸೆರಗು ಕಟ್ಟಿಕೊಂಡು ಕೊಡಲಿ. ಆ ಹಾಲಿನಲ್ಲೇ ರೋಗದ ವಿರುದ್ಧ ಹೋರಾಡುವ ಅಂಶಗಳು ಇಳಿದು ಬರುತ್ತವೆ. ಆರು ತಿಂಗಳು ದಾಟಿದ ಕೂಸಿಗೆ ರಾಗಿ ಸರಿ, ಮೆತ್ತನೆ ಅನ್ನ ತಿಂದಷ್ಟು ಕೊಡಿ; ಅದರೊಳಗಿನವಕ್ಕೆ ಸಕ್ಕರೆ ನೀರೂ ಬೇಡ, ಗ್ರೈಪ್ ವಾಟರೂ ಬೇಡ.

ಕುಡಿದದ್ದು ಸಾಕಾಗುತ್ತಿದೆಯೋ ಇಲ್ಲವೋ ಎಂಬುದನ್ನು ಬಟ್ಟೆ ಹೇಳುತ್ತದೆ. ದಿನಕ್ಕೆ ಆರು ಬಟ್ಟೆ ಒದ್ದೆಯಾದರೆ ನೆಮ್ಮದಿ. ಆರು ಗಂಟೆ ಕಳೆದರೂ ಒಂದೂ ಒದ್ದೆಯಾಗದಿದ್ದರೆ, ಯಾವಾಗಲೂ ಕುಡಿಯುವುದರಲ್ಲಿ ಅರ್ಧವೂ ಕುಡಿಯದಿದ್ದರೆ, ಅಳುವಾಗ ಕಣ್ಣೀರು ಬಾರದಿದ್ದರೆ, ನೆತ್ತಿ ಕುಳಿ ಬಿದ್ದಿದ್ದರೆ ಹೊರಡುವ ಹೊತ್ತು. ನೆತ್ತಿ ಬಿತ್ತೆಂದು ಹರಳೆಣ್ಣೆ ತಟ್ಟುತ್ತ ಕೂರಬೇಡಿ. ಅದು ಮೈಯ ನೀರು ಬತ್ತಿದ ಗುರುತು.

ವಾಂತಿ ಭೇದಿಯ ವೈರಸ್ ಬಂದರೆ ಒಆರ್‌ಎಸ್. 1971ರಲ್ಲಿ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಉಪ್ಪು ಸಕ್ಕರೆಯ ಈ ನೀರಿನಿಂದ ಎಷ್ಟೋ ಜೀವ ಉಳಿಸಿದರು. ಅದು ಇಂದು ಆಶಾ ಕಾರ್ಯಕರ್ತೆಯ ಚೀಲದಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಬೆರೆಸುವಲ್ಲಿ ತಪ್ಪುತ್ತೇವೆ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೇ ಹಾಕಬೇಕು. "ಒಂದು ಲೋಟಕ್ಕೆ ಚೂರು" ಎಂದು ಬೆರೆಸಿದರೆ ಉಪ್ಪು ಹೆಚ್ಚಾಗಿ ಕೂಸಿಗೇ ಕೇಡು. 24 ಗಂಟೆ ಕಳೆದದ್ದನ್ನು ಚೆಲ್ಲಿ. ಎರಡು ತಿಂಗಳು ದಾಟಿದ ಕೂಸಿಗೆ ಒಂದೊಂದು ಭೇದಿಗೂ ಕಾಲು ಲೋಟದಿಂದ ಅರ್ಧ ಲೋಟ, ಚಮಚ ಚಮಚವಾಗಿ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರುಮಾಡಿ. ಜೊತೆಗೆ ಸತುವಿನ ಮಾತ್ರೆ 14 ದಿನ. ಆರು ತಿಂಗಳೊಳಗೆ 10 ಮಿಲಿಗ್ರಾಂ, ಮೇಲೆ 20. ಅಂಗಡಿಯ ಪೆಟ್ಟಿಗೆಯಲ್ಲಿ ಬರುವ ಸಿಹಿ ಪಾನೀಯ ಒಆರ್‌ಎಸ್ ಅಲ್ಲ. ಅಂಥವಕ್ಕೆ ಆ ಹೆಸರು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು.

ಔಷಧಿ ಬಾಟಲಿಯ ಮುಂದೆ ಒಂದು ಕ್ಷಣ

ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ ಸಾಕು, ಅದೂ ಮೂರು ತಿಂಗಳ ಮೇಲೆ, ಕೂಸು ಜ್ವರದಿಂದ ಒದ್ದಾಡುತ್ತಿದ್ದರೆ. ತೂಕದ ಪ್ರತಿ ಕಿಲೋಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ, ಎರಡು ಸಲದ ನಡುವೆ ಆರು ಗಂಟೆ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ. ತೂಕ ತಾಯಿ ಕಾರ್ಡಿನಲ್ಲಿರುತ್ತದೆ.

ಅಪಾಯ ಇರುವುದು ಇಲ್ಲಿ: ಅದೇ ಔಷಧಿ ಡ್ರಾಪ್ಸ್ ಆಗಿಯೂ ಬರುತ್ತದೆ, ಸಿರಪ್ ಆಗಿಯೂ ಬರುತ್ತದೆ. ಡ್ರಾಪ್ಸ್‌ನ 1 ಎಂಎಲ್‌ನಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ. ಸಿರಪ್‌ನ 5 ಎಂಎಲ್‌ನಲ್ಲಿ 120, 125 ಅಥವಾ 250. ಆರು ಕಿಲೋ ಕೂಸಿಗೆ ಬೇಕಾದ್ದು 60ರಿಂದ 90 ಮಿಲಿಗ್ರಾಂ. ಸಿರಪ್ ಎಂದುಕೊಂಡು ಡ್ರಾಪ್ಸ್‌ನ 5 ಎಂಎಲ್ ಹುಯ್ದರೆ 500 ಮಿಲಿಗ್ರಾಂ ಹೋಗಿಬಿಡುತ್ತದೆ, ಯಕೃತ್ತಿಗೆ ಪೆಟ್ಟು. ಆದ್ದರಿಂದ ವೈದ್ಯರಲ್ಲೋ ಆಶಾ ಅಕ್ಕನಲ್ಲೋ ಬಾಟಲಿಯನ್ನೇ ಕೈಯಲ್ಲಿ ಹಿಡಿದು "ಇದರಲ್ಲಿ ಎಷ್ಟು ಎಂಎಲ್?" ಎಂದು ಕೇಳಿ, ಬಾಟಲಿಯ ಮೇಲೇ ಬರೆಸಿಕೊಳ್ಳಿ. ಆಸ್ಪಿರಿನ್ ಕೊಡಲೇಬಾರದು.

ಕೆಮ್ಮಿನ ಸಿರಪ್ ಬೇಡ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತದ್ದನ್ನು ಮರೆಯಬಾರದು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಬರೆಯಬಾರದು, ಕೊಡಬಾರದು ಎಂದು ಕೇಂದ್ರ ಆರೋಗ್ಯ ಇಲಾಖೆ ಆ ವರ್ಷದ ಅಕ್ಟೋಬರ್‌ನಲ್ಲೇ ಸೂಚಿಸಿತು. ಬೆರಕೆಯಿಲ್ಲದ ಸಿರಪ್‌ನಿಂದಲೂ ಕೂಸಿಗೆ ಲಾಭವಿಲ್ಲ. ಆಂಟಿಬಯೋಟಿಕ್ ವೈರಸ್‌ಗೆ ತಾಗುವುದಿಲ್ಲ. ಹಿಂದಿನ ಸಲ ಉಳಿದ ಅರ್ಧ ಬಾಟಲಿ ತೆಗೆಯಬೇಡಿ.

ಅಜ್ಜಿಯ ಜೊತೆ ಮಾತಾಡಬೇಕಾದ್ದು

ನಮ್ಮ ಅಜ್ಜಿಯಂದಿರು ಕೂಸನ್ನು ಬೆಚ್ಚಗಿಡುತ್ತಾರೆ, ರಾತ್ರಿಯಿಡೀ ಎತ್ತಿಕೊಂಡು ತಿರುಗುತ್ತಾರೆ. ಆ ಕೈ ಇಲ್ಲದಿದ್ದರೆ ಬಾಣಂತಿಯರ ಗತಿಯೇನು! ದೃಷ್ಟಿ ತೆಗೆಯಲಿ, ಅದರಿಂದ ನಷ್ಟವಿಲ್ಲ. ನಿವಾಳಿಸಿದ ಮೆಣಸಿನಕಾಯಿಯನ್ನು ಮಾತ್ರ ಕೂಸಿನಿಂದ ದೂರ ಸುಡಲಿ. ಆದರೆ ಕೆಲವನ್ನು ಮೆತ್ತಗೆ, ಗಟ್ಟಿಯಾಗಿ ತಡೆಯಬೇಕು. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಎದೆಗೆ ಹಚ್ಚುವುದು: ಕರ್ಪೂರ ಚರ್ಮದಿಂದಲೂ ಒಳಗಿಳಿದು ಫಿಟ್ಸ್ ತರಬಲ್ಲದು. ಮೂಗಿಗೆ ಎಣ್ಣೆ ಬಿಡುವುದು: ಅದು ಶ್ವಾಸಕೋಶ ಸೇರುತ್ತದೆ. ನೀರು ಹಾಕುವಾಗ ಗಂಟಲಿಗೆ ಬೆರಳು ಹಾಕಿ ಕಫ ತೆಗೆಯುವುದು, ಬಜೆ ತೇಯ್ದು ನೆಕ್ಕಿಸುವುದು, ವರ್ಷದೊಳಗೆ ಜೇನುತುಪ್ಪ, ಬರೆ ಹಾಕುವುದು: ಯಾವುದೂ ಬೇಡ. ಸಾಂಬ್ರಾಣಿ ಹೊಗೆ, ಸೊಳ್ಳೆ ಬತ್ತಿ, ಹಂಡೆ ಒಲೆಯ ಹೊಗೆ, ಬೀಡಿ, ಅರಕಲಗೂಡು ಕಡೆಯವರಾದರೆ ಹೊಗೆಸೊಪ್ಪಿನ ಬ್ಯಾರನ್‌ನ ಹೊಗೆ, ಕಟ್ಟಿದ ಎದೆಗೆ ಇವೆಲ್ಲ ವಿಷ. "ಅತ್ತೆ, ಡಾಕ್ಟ್ರು ಹೊಗೆ ಬೇಡ ಅಂದವ್ರೆ, ನೀವು ಕೂಸನ್ನ ಎತ್ಕಂಡಿರಿ, ನಾನು ಹನಿ ಹಾಕ್ತೀನಿ" ಎಂದರೆ ಯಾವ ಅತ್ತೆಯೂ ಜಗಳಕ್ಕೆ ನಿಲ್ಲಲಾರರು.

ಸಂಜೆ ನಾಲ್ಕಕ್ಕೆ ತೀರ್ಮಾನ

ಹಾಸನ ನಗರದವರಿಗೆ ಹಿಮ್ಸ್ ಆಸ್ಪತ್ರೆ ಹತ್ತಿರ. ಕೊಣನೂರು, ರಾಮನಾಥಪುರದ ಆಚೆಯ ಹಳ್ಳಿಯವರು ಮೊದಲು ಅರಕಲಗೂಡು ಸೇರಿ, ಬೇಕಾದರೆ ಅಲ್ಲಿಂದ ಹಾಸನಕ್ಕೆ ಹೋಗಬೇಕು. ಹಳ್ಳಿಮೈಸೂರಿನವರು ಹೊಳೆನರಸೀಪುರಕ್ಕೆ, ಹಿರೀಸಾವೆ, ನುಗ್ಗೇಹಳ್ಳಿಯವರು ಚನ್ನರಾಯಪಟ್ಟಣಕ್ಕೆ. ಮೂರೂ ಕಡೆ ತಾಲ್ಲೂಕು ಆಸ್ಪತ್ರೆ ಇದೆ. ಆದರೆ ಕತ್ತಲಾದ ಮೇಲೆ ಬಸ್ಸು ಕಡಿಮೆ, ಮಳೆ, ಮಂಜು. ಆದ್ದರಿಂದ ದಿನಾ ಸಂಜೆ ನಾಲ್ಕಕ್ಕೆ ಮನೆಮಂದಿ ಸೇರಿ ಕ್ಯಾಲೆಂಡರಿನ ಚೌಕ ನೋಡಿ: ಬೆಳಿಗ್ಗೆಗಿಂತ ಉಸಿರು ಏರಿದೆಯೇ, ಹಾಲು ಇಳಿದಿದೆಯೇ, ಬಟ್ಟೆ ಒಣಗಿಯೇ ಇದೆಯೇ? ಅನುಮಾನ ಬಂದರೆ ಬೆಳಕಿರುವಾಗಲೇ ಹೊರಡಿ. "ನಾಳೆ ಬೆಳಿಗ್ಗೆ ನೋಡಾಣ" ಎಂಬ ಮಾತು ದೊಡ್ಡವರ ಜ್ವರಕ್ಕೆ ಸರಿ, ಕೂಸಿನದಕ್ಕಲ್ಲ.

ಕೆಲವಕ್ಕೆ ಗಂಟೆ ನೋಡುವಂತಿಲ್ಲ. ತುಟಿ, ನಾಲಿಗೆ ನೀಲಿಗಟ್ಟಿದರೆ, ಉಸಿರು ನಡುನಡುವೆ ನಿಂತರೆ, ಪಕ್ಕೆ ಸೆಳೆದರೆ, ಎಬ್ಬಿಸಿದರೂ ಏಳದಿದ್ದರೆ, ಕುಡಿದದ್ದೆಲ್ಲ ಕಕ್ಕಿದರೆ, ವಾಂತಿ ಹಸಿರಾಗಿದ್ದರೆ, ಮಲದಲ್ಲಿ ರಕ್ತ ಕಂಡರೆ, ಫಿಟ್ಸ್ ಬಂದರೆ ತಕ್ಷಣ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್‌ಗೆ ದುಡ್ಡು ಕೊಡಬೇಕಿಲ್ಲ. ಫಿಟ್ಸ್‌ನಲ್ಲಿ ಕೂಸನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ನೀರು, ಚಮಚ, ಬೆರಳು ಏನೂ ಹಾಕಬೇಡಿ.

ಹೋಗುವಾಗ ತಾಯಿ ಕಾರ್ಡ್, ಕೊಟ್ಟ ಔಷಧಿಯ ಬಾಟಲಿ, ಕ್ಯಾಲೆಂಡರಿನ ಆ ಹಾಳೆ ಜೊತೆಗಿರಲಿ. ಕೂಸನ್ನು ಎದೆಗೆ ಅವಚಿ ಶಾಲು ಹೊದೆಯಿರಿ. ಬೈಕಿನಲ್ಲಿ ಇಬ್ಬರ ನಡುವೆ ಮುಖ ಮುಚ್ಚಿ ಒತ್ತಿಕೊಂಡು ಹೋಗುವುದನ್ನು ರಸ್ತೆಯಲ್ಲಿ ಕಂಡಾಗಲೆಲ್ಲ ಎದೆ ಝಲ್ಲೆನ್ನುತ್ತದೆ. ಮೂಗು ಬಾಯಿ ತೆರೆದಿರಲೇಬೇಕು, ದಾರಿಯಲ್ಲಿ ನಡುನಡುವೆ ಮುಖ ನೋಡುತ್ತಿರಬೇಕು.

ಜ್ವರ ಬಿಟ್ಟ ಮೇಲೂ ಕೆಮ್ಮು ಎರಡು ಮೂರು ವಾರ ಉಳಿಯಬಹುದು. ಕೂಸು ನಗುತ್ತ ಕುಡಿಯುತ್ತಿದ್ದರೆ ಗಾಬರಿ ಬೇಡ. ಇಳಿದ ತೂಕ ಮೇಲೇರಲು ಎರಡು ವಾರ ಒಂದು ಹೊತ್ತು ಹೆಚ್ಚಿಗೆ ಉಣಿಸಿ ಅಥವಾ ಹಾಲು ಕೊಡಿ, ಅಂಗನವಾಡಿಯಲ್ಲಿ ತೂಗಿಸಿ. ಸಣ್ಣ ನೆಗಡಿಯಿದೆಯೆಂದು ಲಸಿಕೆ ತಪ್ಪಿಸಬೇಡಿ: ಭೇದಿಯ ರೋಟಾವೈರಸ್ ಹನಿ 6, 10, 14ನೇ ವಾರಕ್ಕೆ, ನ್ಯುಮೋನಿಯಾದ ಪಿಸಿವಿ 6, 14ನೇ ವಾರ ಮತ್ತು 9ನೇ ತಿಂಗಳಿಗೆ, ದಡಾರದ್ದು 9ನೇ ತಿಂಗಳಿಗೆ. ಈ ಜ್ವರದಲ್ಲಿ ಯಾವುದಾದರೂ ತಪ್ಪಿಹೋಗಿದ್ದರೆ ಕಾರ್ಡ್ ಹಿಡಿದು ಆಶಾ ಅಕ್ಕನಿಗೆ ಇವತ್ತೇ ತೋರಿಸಿ, ಮುಂದಿನ ಲಸಿಕೆ ದಿನಕ್ಕೆ ಹೆಸರು ಬರೆಸಿ.