ಹೆಸರಿನ ಮಾತು ಮೊದಲೇ ಆಡಿಕೊಳ್ಳಿ

ಕಾಮಿಕ್ಸ್‌ಗೆ ಬರೆಯಬೇಕು, ಹಾಗೇ ಟೀವಿಗೂ ಬರೆಯಬೇಕು ಅನ್ನುತ್ತೀರಿ. ಬಹಳ ಸಂತೋಷ. ಆದರೆ ಕಥೆ ಕೊಡುವ ಮುಂಚೆ ಹೆಸರು ಹಾಕುತ್ತೀರಾ, ಹಕ್ಕು ಯಾರಿಗೆ ಎಂದು ಕೇಳಲು ನಾಚಿಕೊಳ್ಳುತ್ತೀರಲ್ಲ, ಅದು ಮಾತ್ರ ನನಗೆ ಸರಿಕಾಣುವುದಿಲ್ಲ. ಊಟದಲ್ಲೂ ವ್ಯವಹಾರದಲ್ಲೂ ಸಂಕೋಚ ಕೂಡದು ಅಂತ ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ನ್ಯೂಯಾರ್ಕಿನ ಬಿಲ್ ಫಿಂಗರ್ ಗೊತ್ತೇ? ಗೊತ್ತಿರಲಿಕ್ಕಿಲ್ಲ. ಬ್ಯಾಟ್‌ಮನ್ ಗೊತ್ತು, ನಿಮ್ಮನೆ ಮಕ್ಕಳ ಟೀ ಶರ್ಟಿನ ಮೇಲೇ ಇದ್ದಾನೆ. 1939ರಲ್ಲಿ ಚಿತ್ರಗಾರ ಬಾಬ್ ಕೇನ್ ಬರೆದು ತೋರಿಸಿದ ಚಿತ್ರದಲ್ಲಿ ಅವನಿಗೆ ಕೆಂಪು ಬಟ್ಟೆ, ಸೆಟೆದ ರೆಕ್ಕೆ, ಕಣ್ಣಿಗೊಂದು ಪುಟ್ಟ ಪಟ್ಟಿ ಇತ್ತಂತೆ. ತಲೆಗೆ ಕಿವಿಯಿರುವ ಮುಸುಕು ಹಾಕು, ರೆಕ್ಕೆ ಬೇಡ, ಬೆನ್ನಿಗೆ ಜೋಲಾಡುವ ಬಟ್ಟೆ ಬಿಡು, ಬಣ್ಣ ಮಂಕು ಮಾಡು, ಕೈಗೆ ಗವಸು ಹಾಕು ಎಂದವರು ಫಿಂಗರ್. ಮುಸುಕಿನ ಹಿಂದಿನ ಮನುಷ್ಯನಿಗೆ ಬ್ರೂಸ್ ವೇನ್ ಎಂಬ ಹೆಸರು ಕೊಟ್ಟದ್ದು ಅವರು, ಮೊದಲ ಕಥೆಯೂ ಅವರದೇ. ಕಾಮಿಕ್ಸ್ ಪ್ರಕಟಿಸುವ ಡಿಸಿ ಕಂಪನಿಯ ಜೊತೆ ಕರಾರು ಮಾಡಿಕೊಂಡವರು ಮಾತ್ರ ಕೇನ್. ಹಾಗಾಗಿ ಸೃಷ್ಟಿಕರ್ತ ಎಂದು ದಶಕಗಟ್ಟಲೆ ಅಚ್ಚಾದದ್ದು ಕೇನ್ ಒಬ್ಬರ ಹೆಸರು. 1974ರಲ್ಲಿ ಫಿಂಗರ್ ತೀರಿಕೊಂಡರು. ಹೆಸರು ಕೊಡಬೇಕಿತ್ತು ಎಂದು ಕೇನ್ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡದ್ದು 1989ರಲ್ಲಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕಂಪನಿ ಒಪ್ಪಿಕೊಂಡದ್ದು 2015ರಲ್ಲಿ, ಅದೂ ಫಿಂಗರ್ ಅವರ ಮೊಮ್ಮಗಳೂ ಒಬ್ಬ ಲೇಖಕರೂ ಪಟ್ಟು ಹಿಡಿದು ಕೂತ ಮೇಲೆ.

ಫಿಂಗರ್ ಅವರಿಂದ ಕಲಿಯುವುದೂ ಇದೆ, ಬಿಡುವುದೂ ಇದೆ. ತೋಚಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಗುರುತು ಹಾಕಿಡುತ್ತಿದ್ದರು. ಯಂತ್ರವೋ ಕಟ್ಟಡವೋ ಕಥೆಯಲ್ಲಿ ಬಂದರೆ ಪತ್ರಿಕೆಯಿಂದ ಚಿತ್ರ ಕತ್ತರಿಸಿ, ಚಿತ್ರಗಾರನಿಗೆಂದು ಸ್ಕ್ರಿಪ್ಟಿನ ಜೊತೆಗೇ ಕಳಿಸುತ್ತಿದ್ದರು. ಅದನ್ನು ಕಲಿಯಿರಿ. ಆದರೆ ಹೇಳಿದ ದಿನಕ್ಕೆ ಕಥೆ ಕೊಡುತ್ತಿರಲಿಲ್ಲ. ನಾಳೆ ಎಂದವನ ಮನೆ ಹಾಳು. ಎಷ್ಟೇ ಚೆನ್ನಾಗಿ ಬರೆದರೂ ತಡ ಮಾಡುವವರ ಪರವಾಗಿ ಕಚೇರಿಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ಇನ್ನು ಕಾಮಿಕ್ಸ್‌ಗೂ ಟೀವಿಗೂ ಬರೆದ ಡ್ವೇಯ್ನ್ ಮೆಕ್‌ಡಫಿ ದಾರಿ ನೋಡಿ. ಡೆಟ್ರಾಯಿಟ್ ಊರಿನವರು, ಓದಿದ್ದು ಭೌತಶಾಸ್ತ್ರ. ಹಣಕಾಸು ಪತ್ರಿಕೆಯೊಂದರಲ್ಲಿ ಕರಡು ತಿದ್ದಿದರು, ಮಾರ್ವೆಲ್ ಎಂಬ ಕಾಮಿಕ್ಸ್ ಕಂಪನಿಯಲ್ಲಿ ಸಂಪಾದಕರಾಗಿ ಒಳಗಿನ ವ್ಯವಹಾರ ಕಲಿತರು. ನೀವೂ ಅಷ್ಟೇ, ಇರುವ ಸಂಬಳ ಬಿಟ್ಟು ಏಕಾಏಕಿ ಹಾರಬೇಡಿ. 1993ರಲ್ಲಿ ಗೆಳೆಯರೊಂದಿಗೆ ಮೈಲ್‌ಸ್ಟೋನ್ ಎಂಬ ಸಂಸ್ಥೆಯ ಕಾಮಿಕ್ಸ್ ತಂದರು, ಕಪ್ಪು ಜನಾಂಗದ ನಾಯಕರನ್ನು ಮುಂದಿಟ್ಟುಕೊಂಡು. ಅಚ್ಚು, ಹಂಚಿಕೆ ಡಿಸಿಯದು; ಪಾತ್ರಗಳ ಹಕ್ಕು ಮೈಲ್‌ಸ್ಟೋನಿನದು. ಈ ಒಂದು ಸಾಲನ್ನು ಎರಡು ಸಲ ಓದಿ. ಆ ಪಾತ್ರಗಳಲ್ಲೊಬ್ಬನಾದ ಸ್ಟ್ಯಾಟಿಕ್ ಎಂಬ ಹುಡುಗ 2000ದಲ್ಲಿ ‘ಸ್ಟ್ಯಾಟಿಕ್ ಶಾಕ್’ ಆಗಿ ಟೀವಿಗೆ ಬಂದ. ಮೆಕ್‌ಡಫಿ ‘ಜಸ್ಟಿಸ್ ಲೀಗ್’ ಬರೆದರು, ‘ಬೆನ್ 10: ಏಲಿಯನ್ ಫೋರ್ಸ್’ ಕಥೆಯ ಉಸ್ತುವಾರಿ ನೋಡಿಕೊಂಡರು. 2011ರಲ್ಲಿ, 49 ತುಂಬಿದ ಮರುದಿನವೇ ಹೋಗಿಬಿಟ್ಟರು, ಪಾಪ.

ಕೆಲಸದ ಮಾತಿಗೆ ಬರೋಣ. ಕಾಮಿಕ್ಸ್‌ನ ಒಂದು ಚೌಕಕ್ಕೆ ಒಂದೇ ಕ್ರಿಯೆ. “ಬಾಗಿಲು ತೆರೆದು, ಒಳಗೆ ಬಂದು, ಕುರ್ಚಿ ಎಳೆದು ಕೂತ” ಎಂದು ಒಂದೇ ಚೌಕಕ್ಕೆ ಬರೆದು ಕೊಟ್ಟರೆ ಚಿತ್ರಗಾರ ಏನು ಮಾಡಬೇಕು? ಮಾತಿನ ಗುಳ್ಳೆಗಳಲ್ಲಿ ಮುಖ ಮುಚ್ಚಿಹೋಗುವಷ್ಟು ಸಂಭಾಷಣೆಯೂ ಬೇಡ. ಕಾಮಿಕ್ಸ್‌ನಲ್ಲಿ ಆನೆ ಸೈನ್ಯ ತಂದರೂ ಖರ್ಚು ಶಾಯಿಯದು ಮಾತ್ರ. ಧಾರಾವಾಹಿಯಲ್ಲಿ ಹಾಗಲ್ಲ, ರಾತ್ರಿ ಮಳೆಯ ಒಂದು ದೃಶ್ಯ ಬರೆದರೆ ನಿರ್ಮಾಪಕರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಸಂಭಾಷಣೆಯನ್ನು ಗಟ್ಟಿಯಾಗಿ ಓದಿಕೊಳ್ಳದೆ ಕಳಿಸಲೇಬೇಡಿ; ಅದನ್ನು ಆಡಬೇಕಾದದ್ದು ಇನ್ನೊಬ್ಬರ ಬಾಯಿ.

ಟೀವಿಯಲ್ಲಿ ನಿಮ್ಮ ಬರಹವನ್ನು ನಾಲ್ಕು ಜನ ತಿದ್ದುತ್ತಾರೆ. ಮುನಿಸಿಕೊಂಡು ಎದ್ದು ಬರಬೇಡಿ, ಯಾಕೆ ತಿದ್ದಿದರು ಎಂದು ಕೇಳಿ. ಹಾಗೆಂದು ಮೊದಲ ಕರಡನ್ನು ರದ್ದಿಗೆ ಹಾಕಲೂ ಬೇಡಿ. ತಾರೀಖು ಬರೆದು, ಕರಾರಿನ ಪ್ರತಿಯ ಜೊತೆಗೇ ಜೋಪಾನವಾಗಿ ಇಡಿ.