ಮಾಜಿವಾಡಾದಿಂದ ಒಂದು ನಿಧಾನದ ದಿನ

ಭಾನುವಾರ ಕಾರು ಹೊರತೆಗೆಯುವುದಾದರೆ ಲೋನಾವಳದ ದಟ್ಟಣೆಯಲ್ಲಿ ಸಿಕ್ಕಿಕೊಳ್ಳಬೇಡಿ. ಬೆಳಗ್ಗೆ ಆರಕ್ಕೇ ಠಾಣೆಯ ಮಾಜಿವಾಡಾ ನಾಕಾ ದಾಟಿ ನಾಸಿಕ್ ಹೆದ್ದಾರಿ ಹಿಡಿಯಿರಿ. ಭಿವಂಡಿಯ ಗೋದಾಮುಗಳು ಹಿಂದೆ ಸರಿದ ಮೇಲೆ ಅಂಬಾಡಿ ಕಡೆ ತಿರುಗಿದರೆ ಗದ್ದೆ, ಹೆಂಚಿನ ಮನೆ, ತಾನಸಾ ನದಿ. ಥೇಟ್ ನಮ್ಮೂರೇ! ಮೇ ತಿಂಗಳಾದರೆ ರಸ್ತೆಬದಿಯಲ್ಲಿ ಎಲೆಯ ದೊನ್ನೆಗಳಲ್ಲಿ ಕವಳಿ ಹಣ್ಣು ಸಿಗುತ್ತದೆ. ಇಳಿದು ಕೊಳ್ಳಿ, ಬೆರಳಿಗೆ, ತುಟಿಗೆ ಅಂಟುವ ಅದರ ಹಾಲು ಹೇಗಿರುತ್ತದೆಂದು ಮಕ್ಕಳಿಗೂ ಗೊತ್ತಾಗಲಿ.

1739ರಲ್ಲಿ ವಸೈ ಕೋಟೆ ಗೆದ್ದ ಮರಾಠಾ ಸೇನಾನಿ ಚಿಮಾಜಿ ಅಪ್ಪಾನ ಹರಕೆಯ ವಜ್ರೇಶ್ವರಿ ಗುಡಿ ನೋಡಿಕೊಂಡು ಗಣೇಶಪುರಿಗೆ ಬನ್ನಿ. ನಮ್ಮ ಕಾಸರಗೋಡಿನ ಕಡೆಯ ಕಾಞಂಗಾಡಿನಲ್ಲಿದ್ದು ಬಂದ ನಿತ್ಯಾನಂದ ಸ್ವಾಮಿಗಳು 1961ರಲ್ಲಿ ದೇಹಬಿಟ್ಟದ್ದು ಇಲ್ಲೇ. ಬಿಸಿನೀರಿನ ಕುಂಡದ ಬಳಿ ಅವಸರವಿಲ್ಲದೆ ಕೂರಿ. ಮಳೆಗಾಲದಲ್ಲಿ ಮಾತ್ರ, ದಯವಿಟ್ಟು, ನದಿಗೆ ಇಳಿಯಬೇಡಿ.